ಐದು ಕೋಟಿಯಲ್ಲಿ ಅರ್ಧ ಒಬ್ಬ ರೈಡರ್‌ಗೇ ಕೊಡಬೇಕಾ?

ಪ್ರೊ ಕಬಡ್ಡಿ ಹರಾಜಿನ ಮಾತು ಬಂದರೆ ಸಾಕು, ನಮ್ಮ ಜಿಲ್ಲೆಯಲ್ಲಿ ಎರಡು ಪಕ್ಷ ಹುಟ್ಟಿಕೊಳ್ಳುತ್ತವೆ. ಚಿತ್ರದುರ್ಗದ ಟೀ ಅಂಗಡಿಯಾದರೂ ಸರಿ, ಹೊಸದುರ್ಗದ ತೆಂಗಿನಕಾಯಿ ಮಂಡಿಯಾದರೂ ಸರಿ, ಹೊಳಲ್ಕೆರೆಯ ಅಡಿಕೆ ಚೇಣಿದಾರರ ನಡುವೆಯಾದರೂ ಸರಿ, ಹಿರಿಯೂರಿನ ಬಸ್ ಸ್ಟ್ಯಾಂಡಾದರೂ ಸರಿ. ಮೊದಲ ಪಕ್ಷದವರ ಮಾತು ಇದು: "ಬೆಂಗಳೂರು ಬುಲ್ಸ್ ಗೆಲ್ಲಬೇಕಾದರೆ ಪವನ್ ಥರದ ಒಬ್ಬ ರೈಡರ್ ಬೇಕು. ಎಷ್ಟಾದರೂ ಆಗಲಿ, ತಗೊಳ್ಳಲಿ." ಎರಡನೇ ಪಕ್ಷದವರು, "ಒಬ್ಬನಿಗೇ ಎಲ್ಲಾ ಸುರಿದರೆ ಮಿಕ್ಕ ಆರು ಜನಕ್ಕೆ ಏನು ಕೊಡ್ತೀರಿ?" ಎಂದು ಕೇಳುತ್ತಾರೆ.

ನಾವು ಎರಡನೇ ಪಕ್ಷ. ಯಾಕೆ ಅಂತ ಲೆಕ್ಕ ಸಮೇತ ಹೇಳುತ್ತೇವೆ. ಈ ಲೆಕ್ಕ ಬುಲ್ಸ್ ಮಾಲೀಕರಿಗೆ ಮಾತ್ರ ಸಂಬಂಧಿಸಿದ್ದಲ್ಲ. ಗಣಪತಿ ಹಬ್ಬಕ್ಕೋ ಜಾತ್ರೆಗೋ ಚಂದಾ ಎತ್ತಿ ಹೊನಲು ಬೆಳಕಿನ ಪಂದ್ಯಾವಳಿಗೆ ತಂಡ ಕಟ್ಟುವ ನಮ್ಮೂರ ಹುಡುಗರಿಗೂ ಇದೇ ಪ್ರಶ್ನೆ ಎದುರಾಗುತ್ತದೆ.

ಚೀಲದಲ್ಲಿ ಎಷ್ಟಿದೆ?

ಮೊದಲು ನಿಯಮ ತಿಳಿದುಕೊಳ್ಳೋಣ. ಪ್ರೊ ಕಬಡ್ಡಿಯಲ್ಲಿ ಯಾವ ತಂಡವೂ ಮನಸ್ಸಿಗೆ ಬಂದಷ್ಟು ಖರ್ಚು ಮಾಡುವಂತಿಲ್ಲ. ಆಟಗಾರರ ಸಂಬಳಕ್ಕೆ ಒಂದು ಮಿತಿ ಇದೆ. ಅದಕ್ಕೆ ಹರಾಜಿನಲ್ಲಿ ಪರ್ಸ್ ಅನ್ನುತ್ತಾರೆ. 2022ರ 9ನೇ ಆವೃತ್ತಿಯಲ್ಲಿ ಅದು 4.4 ಕೋಟಿ ರೂಪಾಯಿ ಇತ್ತು. 10ನೇ ಆವೃತ್ತಿಗೆ 5 ಕೋಟಿಗೆ ಏರಿತು. ಮಾಲೀಕ ಎಷ್ಟೇ ದೊಡ್ಡ ಶ್ರೀಮಂತನಾಗಿದ್ದರೂ ಈ ಚೀಲಕ್ಕಿಂತ ಹೆಚ್ಚು ತೆಗೆಯುವ ಹಾಗಿಲ್ಲ. ಹಾಸಿಗೆ ಇದ್ದಷ್ಟು ಕಾಲು ಚಾಚು ಅನ್ನುವ ಗಾದೆಯನ್ನೇ ಇಲ್ಲಿ ನಿಯಮ ಮಾಡಿದ್ದಾರೆ.

ಇಷ್ಟು ಹಣದಲ್ಲಿ ಕನಿಷ್ಠ 18 ಜನರ ತಂಡ ಕಟ್ಟಬೇಕು. ಅಂಕಣಕ್ಕೆ ಇಳಿಯುವವರು ಏಳು ಜನ. ಅವರಲ್ಲಿ ಇಬ್ಬರು ಮೂವರು ರೈಡರ್‌ಗಳು, ಉಳಿದವರು ಹಿಡಿಯುವವರು. ಹಿಡಿಯುವವರಲ್ಲಿ ಎರಡು ಕಾರ್ನರ್, ಎರಡು ಕವರ್. ಹರಾಜಿನಲ್ಲಿ ಕೂಗು ಏರುವುದು ಮಾತ್ರ ಹೆಚ್ಚಾಗಿ ರೈಡರ್ ಹೆಸರಿಗೆ. ಟಿವಿಯಲ್ಲಿ ತೋರಿಸುವುದೂ ಅವನನ್ನೇ, ಮಕ್ಕಳು ಅಂಗಿಯ ಬೆನ್ನಿಗೆ ಬರೆಸಿಕೊಳ್ಳುವುದೂ ಅವನ ನಂಬರ್‌ನ್ನೇ.

ಈಗ ಒಂದು ಲೆಕ್ಕ. 2023ರ ಹರಾಜಿನಲ್ಲಿ ತೆಲುಗು ಟೈಟನ್ಸ್ ತಂಡ ಪವನ್ ಸೆಹ್ರಾವತ್ ಅವರನ್ನು 2.605 ಕೋಟಿ ರೂಪಾಯಿಗೆ ಕೊಂಡಿತು. 5 ಕೋಟಿಯಲ್ಲಿ ಅರ್ಧಕ್ಕಿಂತ ಹೆಚ್ಚು ಒಬ್ಬರಿಗೇ ಹೋಯಿತು. ಉಳಿದದ್ದು 2.395 ಕೋಟಿ. ಅದನ್ನು ಇನ್ನುಳಿದ 17 ಜನಕ್ಕೆ ಸಮವಾಗಿ ಹಂಚಿದರೆ ತಲೆಗೆ 14 ಲಕ್ಷ. ಆ ಹರಾಜಿನಲ್ಲಿ ಎ ವರ್ಗದ ಆಟಗಾರನ ಮೂಲ ಬೆಲೆಯೇ 30 ಲಕ್ಷ. ಅಂದರೆ ಒಬ್ಬ ರಾಜನನ್ನು ತಂದ ಮೇಲೆ ಅವನ ಸುತ್ತ ನಿಲ್ಲಲು ಒಳ್ಳೆಯ ಸೈನಿಕರನ್ನು ತರುವಷ್ಟು ದುಡ್ಡು ಉಳಿಯಲಿಲ್ಲ.

ಆದದ್ದೇನು? ಆ ಆವೃತ್ತಿಯಲ್ಲಿ ಟೈಟನ್ಸ್ ಆಡಿದ 22 ಪಂದ್ಯಗಳಲ್ಲಿ ಗೆದ್ದದ್ದು 2. ಹನ್ನೆರಡು ತಂಡಗಳಲ್ಲಿ ಹನ್ನೆರಡನೇ ಸ್ಥಾನ. ಪವನ್ ಆಡಲಿಲ್ಲ ಅಂತಲ್ಲ, ಚೆನ್ನಾಗಿಯೇ ಆಡಿದರು. ಆದರೆ ಕಬಡ್ಡಿ ಒಬ್ಬನ ಆಟ ಅಲ್ಲ.

ರೈಡರ್ ಬೆಂಚಿನ ಮೇಲೆ ಕೂತಾಗ

ನಮ್ಮ ಮಣ್ಣಿನ ಅಂಕಣದಲ್ಲಿ ಆಡಿದವರಿಗೆ ಇದು ಗೊತ್ತು. ರೈಡರ್ ಎಷ್ಟೇ ಹುಲಿಯಾಗಿರಲಿ, ಒಮ್ಮೆ ಸಿಕ್ಕಿಬಿದ್ದರೆ ಹೊರಗೆ ಕೂರಬೇಕು. ಅವನು ಮತ್ತೆ ಒಳಗೆ ಬರುವುದು ಅವನ ಕೈಯಲ್ಲಿ ಇರುವುದಿಲ್ಲ. ಅವನ ತಂಡದ ಬೇರೆ ಯಾರೋ ಎದುರಾಳಿಯನ್ನು ಮುಟ್ಟಿ ಬರಬೇಕು, ಇಲ್ಲವೇ ಹಿಡಿಯುವವರು ಎದುರಾಳಿಯ ರೈಡರನ್ನು ಕೆಡವಬೇಕು. ಬೋನಸ್ ಪಾಯಿಂಟ್ ಬಂದರೂ ಔಟಾದವನು ಒಳಗೆ ಬರುವುದಿಲ್ಲ. ಅದೂ ಸರದಿ ಪ್ರಕಾರ. ಮೊದಲು ಔಟಾದವನಿಗೆ ಮೊದಲ ಅವಕಾಶ.

ಹಾಗಾಗಿ ಎರಡೂವರೆ ಕೋಟಿಯ ರೈಡರ್ ಒಮ್ಮೆ ಔಟಾದರೆ, 14 ಲಕ್ಷದವರು ಅವನನ್ನು ಒಳಗೆ ಕರೆದುಕೊಂಡು ಬರಬೇಕು. ಅವರಿಗೆ ಆಗದಿದ್ದರೆ ದೊಡ್ಡ ಮನುಷ್ಯ ಐದು ನಿಮಿಷ ಬೆಂಚಿನ ಮೇಲೇ. ಅಷ್ಟರೊಳಗೆ ಎದುರಾಳಿ ಆಲೌಟ್ ಮಾಡಿ ಎರಡು ಹೆಚ್ಚುವರಿ ಪಾಯಿಂಟ್ ಎತ್ತಿಕೊಂಡು ಹೋಗಿರುತ್ತಾನೆ. ಎದುರಾಳಿ ಕೋಚ್‌ಗೂ ಇದು ಗೊತ್ತು. ಒಬ್ಬನೇ ರೈಡರ್ ಇರುವ ತಂಡದ ವಿರುದ್ಧ ಯೋಜನೆ ಸುಲಭ: ಅವನನ್ನು ಹೊರಗೆ ಕೂರಿಸು, ಮಿಕ್ಕವರ ಎರಡು ರೈಡ್ ಖಾಲಿ ಹೋಗಲಿ ಬಿಡು, ಮೂರನೆಯ 'ಮಾಡು ಇಲ್ಲವೇ ಮಡಿ' ರೈಡಿನಲ್ಲಿ ಹಿಡಿ.

ನಮ್ಮ ಜಿಲ್ಲೆಯ ರೈತರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಇರುವ ದುಡ್ಡನ್ನೆಲ್ಲಾ ಒಂದೇ ಬೋರ್‌ವೆಲ್‌ಗೆ ಇಳಿಸಿ ಎಂಟುನೂರು ಅಡಿ ಕೊರೆಸಿದವನ ಕಥೆ ಪ್ರತಿ ಊರಲ್ಲೂ ಇದೆ. ನೀರು ಬಿದ್ದರೆ ರಾಜ, ಧೂಳು ಬಂದರೆ ಸಾಲ. ಅದೇ ದುಡ್ಡಿನಲ್ಲಿ ಸ್ವಲ್ಪ ಕೃಷಿ ಹೊಂಡಕ್ಕೆ, ಸ್ವಲ್ಪ ಹನಿ ನೀರಾವರಿಗೆ ಹಾಕಿದವನು ರಾಜ ಆಗದಿದ್ದರೂ ತೋಟ ಉಳಿಸಿಕೊಂಡಿರುತ್ತಾನೆ.

ತಮಿಳರ ಪಾಠ

ಟೈಟನ್ಸ್‌ಗಿಂತ ಒಂದು ವರ್ಷ ಮೊದಲು ಇದೇ ಪವನ್ ಮೇಲೆ ತಮಿಳ್ ತಲೈವಾಸ್ ತಂಡ 2.26 ಕೋಟಿ ಹಾಕಿತ್ತು. ಆಗಿನ 4.4 ಕೋಟಿಯಲ್ಲಿ ಅದೂ ಅರ್ಧಕ್ಕಿಂತ ಹೆಚ್ಚು. 2022ರ ಅಕ್ಟೋಬರ್‌ನಲ್ಲಿ ಬೆಂಗಳೂರಿನ ಕಂಠೀರವ ಒಳಾಂಗಣ ಕ್ರೀಡಾಂಗಣದಲ್ಲಿ ನಡೆದ ತಲೈವಾಸ್‌ನ ಮೊದಲ ಪಂದ್ಯದಲ್ಲೇ ಪವನ್ ಮೊಣಕಾಲಿಗೆ ಪೆಟ್ಟು ಬಿತ್ತು. ಮತ್ತೆ ಆ ಆವೃತ್ತಿಯಲ್ಲಿ ಅವರು ಅಂಕಣಕ್ಕೆ ಇಳಿಯಲೇ ಇಲ್ಲ. ಅರ್ಧ ಚೀಲ ಒಂದೇ ದಿನದಲ್ಲಿ ಖಾಲಿ.

ಆದರೆ ತಲೈವಾಸ್ ಮುಳುಗಲಿಲ್ಲ. ಮೊದಲ ಸಲ ಲೀಗ್ ಆಡುತ್ತಿದ್ದ ನರೇಂದರ್ ಕಂಡೋಲಾ ಎಂಬ ಹುಡುಗ 243 ರೈಡ್ ಪಾಯಿಂಟ್ ತಂದ. ತಂಡ ಸೆಮಿಫೈನಲ್‌ಗೆ ಹೋಯಿತು. ದುಡ್ಡು ಕೊಟ್ಟು ತಂದವನು ಹೊರಗೆ, ಬೆಳೆಸಿದವನು ಒಳಗೆ.

ಪವನ್ ಬೆಲೆಯ ಏರಿಳಿತವನ್ನೇ ನೋಡಿ. 2022ರಲ್ಲಿ 2.26 ಕೋಟಿ, 2023ರಲ್ಲಿ 2.605 ಕೋಟಿ, 2024ರಲ್ಲಿ 1.725 ಕೋಟಿ, 2025ರಲ್ಲಿ 59.5 ಲಕ್ಷ. ಈರುಳ್ಳಿ ಬೆಳೆಯುವ ನಮ್ಮ ಜಿಲ್ಲೆಗೆ ಈ ಥರದ ರೇಟು ಹೊಸದಲ್ಲ. ಮಾರುಕಟ್ಟೆ ಮೇಲಿದ್ದಾಗ ಕೊಂಡವನೇ ಯಾವಾಗಲೂ ಕೈ ಸುಟ್ಟುಕೊಳ್ಳುವುದು.

ಬುಲ್ಸ್ ಗೆದ್ದದ್ದು ಹೇಗೆ?

ಇಲ್ಲಿ ಮೊದಲ ಪಕ್ಷದ ಗೆಳೆಯರು ಎದ್ದು ನಿಲ್ಲುತ್ತಾರೆ. "ಬುಲ್ಸ್ ಕಪ್ ಗೆದ್ದಿದ್ದೇ ಪವನ್ ಇದ್ದಾಗ ಅಲ್ವಾ?" ಹೌದು. 2019ರ ಜನವರಿ 5ರಂದು ಮುಂಬೈಯಲ್ಲಿ ನಡೆದ 6ನೇ ಆವೃತ್ತಿಯ ಫೈನಲ್‌ನಲ್ಲಿ ಗುಜರಾತ್ ತಂಡವನ್ನು 38-33ರಿಂದ ಸೋಲಿಸಿದಾಗ ಪವನ್ ಒಬ್ಬರೇ 22 ಪಾಯಿಂಟ್ ತಂದಿದ್ದರು. ಆ ರಾತ್ರಿ ನೋಡಿದವರು ಮರೆತಿಲ್ಲ.

ಆದರೆ ಬುಲ್ಸ್ ಅವರನ್ನು ಆಗ ಕೊಂಡದ್ದು ಎಷ್ಟಕ್ಕೆ? 52.8 ಲಕ್ಷಕ್ಕೆ. ಅದೇ ಹರಾಜಿನಲ್ಲಿ ಹರಿಯಾಣ ಸ್ಟೀಲರ್ಸ್ ತಂಡ ಮೋನು ಗೋಯತ್ ಅವರಿಗೆ 1.51 ಕೋಟಿ ಕೊಟ್ಟು ಎಲ್ಲರಿಗಿಂತ ದುಬಾರಿ ಆಟಗಾರನನ್ನು ತಂದಿತ್ತು. ಹರಿಯಾಣ ತನ್ನ ಗುಂಪಿನಲ್ಲಿ ಕೊನೆಯ ಸ್ಥಾನ ಪಡೆಯಿತು. ಬುಲ್ಸ್ ಮಾತ್ರ ಹಿಂದಿನ ವರ್ಷ ಗುಜರಾತ್‌ನಲ್ಲಿ ಹೆಚ್ಚು ಹೆಸರು ಮಾಡದ ಪವನ್‌ರನ್ನು ತಂದು, ನಾಯಕ ರೋಹಿತ್ ಕುಮಾರ್ ಜೊತೆ ಜೋಡಿ ಮಾಡಿ, ರಣಧೀರ್ ಸಿಂಗ್ ಅವರ ಗರಡಿಯಲ್ಲಿ ಪಳಗಿಸಿತು. ಕಪ್ ತಂದುಕೊಟ್ಟದ್ದು ದುಬಾರಿ ಪವನ್ ಅಲ್ಲ, ಬುಲ್ಸ್ ಬೆಳೆಸಿದ ಪವನ್.

ಇನ್ನೊಂದು ಮಾತು. ಪವನ್ 6, 7 ಮತ್ತು 8ನೇ ಆವೃತ್ತಿಗಳಲ್ಲಿ ಲೀಗ್‌ನಲ್ಲೇ ಅತಿಹೆಚ್ಚು ರೈಡ್ ಪಾಯಿಂಟ್ ತಂದವರು. 7ನೇ ಆವೃತ್ತಿಯಲ್ಲಿ 346. ಹರಿಯಾಣದ ವಿರುದ್ಧ ಒಂದೇ ಪಂದ್ಯದಲ್ಲಿ 39. ಆದರೂ ಆ ಎರಡೂ ವರ್ಷ, ಅಂದರೆ 7 ಮತ್ತು 8ನೇ ಆವೃತ್ತಿಯಲ್ಲಿ, ಬುಲ್ಸ್ ಸೆಮಿಫೈನಲ್‌ನಲ್ಲಿ ದಬಾಂಗ್ ಡೆಲ್ಲಿಗೆ ಸೋತಿತು. ದೇಶದ ನಂಬರ್ ಒನ್ ರೈಡರ್ ನಮ್ಮಲ್ಲೇ ಇದ್ದರೂ ಕಪ್ ಬರಲಿಲ್ಲ.

2022ರಲ್ಲಿ ಪವನ್ ಹೋದಾಗ ಬುಲ್ಸ್ ಮಾಡಿದ್ದೇನು? ಅವರ ಜಾಗಕ್ಕೆ ವಿಕಾಸ್ ಕಂಡೋಲಾ ಅವರನ್ನು 1.70 ಕೋಟಿಗೆ ತಂದಿತು. ಆ ವರ್ಷ ಬುಲ್ಸ್ ಸೆಮಿಫೈನಲ್ ತಲುಪಿದ್ದು ನಿಜ. ಆದರೆ ತಂಡವನ್ನು ಹೊತ್ತದ್ದು 1.70 ಕೋಟಿಯ ವಿಕಾಸ್ ಅಲ್ಲ. ಹಿಂದಿನ ವರ್ಷವಷ್ಟೇ ಬುಲ್ಸ್ ಜೆರ್ಸಿ ತೊಟ್ಟು ಕಾಣಿಸಿಕೊಂಡಿದ್ದ ಭರತ್ ಹೂಡಾ ಎಂಬ ಹುಡುಗ 279 ರೈಡ್ ಪಾಯಿಂಟ್ ತಂದ. ಇಡೀ ಲೀಗ್‌ನಲ್ಲಿ ಎರಡನೇ ಸ್ಥಾನ. ಅಂದರೆ ಪವನ್‌ಗೆ ಉತ್ತರ ಹರಾಜಿನಲ್ಲಿ ಇರಲಿಲ್ಲ, ಬುಲ್ಸ್ ಮನೆಯಲ್ಲೇ ಇತ್ತು.

ಮನೆಯ ಹುಡುಗನನ್ನು ಬಿಟ್ಟು ಹೆಸರಿಗೆ ಹೋದ ವರ್ಷ

ಈಗ ಬರುವುದು ನಮಗೆ ಬಹಳ ನೋವಾದ ಅಧ್ಯಾಯ. 2024ರ ಹರಾಜಿಗೆ ಬುಲ್ಸ್ ಭರತ್ ಅವರನ್ನು ಉಳಿಸಿಕೊಳ್ಳಲಿಲ್ಲ. ಯುಪಿ ಯೋಧಾಸ್ ಅವರನ್ನು 1.30 ಕೋಟಿಗೆ ಕೊಂಡಿತು. ಅದೇ ಯುಪಿ ಬಿಟ್ಟುಕೊಟ್ಟ ಪರ್ದೀಪ್ ನರ್ವಾಲ್ ಅವರನ್ನು ಬುಲ್ಸ್ 70 ಲಕ್ಷಕ್ಕೆ ತಂದಿತು. ಜೊತೆಗೆ ಅಜಿಂಕ್ಯ ಪವಾರ್ ಅವರಿಗೆ 1.107 ಕೋಟಿ ಕೊಟ್ಟಿತು. ಪರ್ದೀಪ್ ಲೀಗ್ ಇತಿಹಾಸದಲ್ಲೇ ಅತಿಹೆಚ್ಚು ರೈಡ್ ಪಾಯಿಂಟ್ ಗಳಿಸಿದ ದಂತಕಥೆ. ಆ ದಿನ ನಮ್ಮ ಊರುಗಳ ವಾಟ್ಸ್‌ಆಪ್ ಗುಂಪುಗಳಲ್ಲಿ ಪಟಾಕಿ ಹೊಡೆದಷ್ಟು ಸಂಭ್ರಮ.

ಬೆಲೆ ಲೆಕ್ಕದಲ್ಲಿ 70 ಲಕ್ಷ ದೊಡ್ಡದಲ್ಲ ಅನ್ನಬಹುದು. ಒಪ್ಪುತ್ತೇವೆ. ಆದರೆ ಹರಾಜಿನಲ್ಲಿ ಖರ್ಚಾಗುವುದು ಹಣ ಮಾತ್ರ ಅಲ್ಲ, ಜಾಗವೂ ಖರ್ಚಾಗುತ್ತದೆ. ಮುಖ್ಯ ರೈಡರ್ ಎಂಬ ಜಾಗ ಒಂದೇ ಇರುವುದು. ಅದನ್ನು ಏರುತ್ತಿರುವವನಿಗೆ ಕೊಡುತ್ತೀರೋ, ಏರಿ ಇಳಿಯುತ್ತಿರುವವನಿಗೆ ಕೊಡುತ್ತೀರೋ ಎಂಬುದೇ ಪ್ರಶ್ನೆ. ಬುಲ್ಸ್ ಹೆಸರನ್ನು ಆರಿಸಿಕೊಂಡಿತು. 22 ಪಂದ್ಯಗಳಲ್ಲಿ 2 ಗೆಲುವು, ಕೊನೆಯ ಸ್ಥಾನ. ಭರತ್ ಹೋದ ಯುಪಿ ಸೆಮಿಫೈನಲ್‌ಗೆ ಹೋಯಿತು. ಮರುವರ್ಷದ ಹರಾಜಿನಲ್ಲಿ ಪರ್ದೀಪ್‌ಗೆ ಕೊಳ್ಳುವವರೇ ಇರಲಿಲ್ಲ. ಅವರು ನಿವೃತ್ತಿ ಘೋಷಿಸಿದರು. ಅಂಥ ಆಟಗಾರನಿಗೆ ಅದು ಸಲ್ಲದ ವಿದಾಯ. ಅವರ ಮೇಲೆ ನಮಗೆ ಕೋಪ ಇಲ್ಲ. ನಮ್ಮ ತಕರಾರು ಇರುವುದು ಹೆಸರನ್ನು ನೋಡಿ ತಂಡ ಕಟ್ಟಿದ ರೀತಿಯ ಮೇಲೆ.

ಇನ್ನೂ ಹೊಟ್ಟೆ ಉರಿಸುವ ವಿಷಯ ಇದೆ. ಅದೇ ವರ್ಷ ಯುಪಿ ಪರವಾಗಿ ಮಿಂಚಿದ ಇನ್ನೊಬ್ಬ ರೈಡರ್ ಗಗನ್ ಗೌಡ. ನಮ್ಮ ಕರ್ನಾಟಕದ ಹುಡುಗ. ಬೆಂಗಳೂರು ಹೆಸರಿನ ತಂಡ ಕೊನೆಯ ಸ್ಥಾನದಲ್ಲಿ ಕೂತಿದ್ದಾಗ ಕನ್ನಡದ ಹುಡುಗ ಉತ್ತರ ಪ್ರದೇಶವನ್ನು ಗೆಲ್ಲಿಸುತ್ತಿದ್ದ. ಇದು ಹೊಸತೂ ಅಲ್ಲ. 5ನೇ ಆವೃತ್ತಿಯಲ್ಲಿ ಗುಜರಾತ್ ತಂಡವನ್ನು ಫೈನಲ್‌ಗೆ ಕರೆದೊಯ್ದ ನಾಯಕ ಸುಕೇಶ್ ಹೆಗ್ಡೆ. 8ನೇ ಆವೃತ್ತಿಯಲ್ಲಿ ಪಟ್ನಾ ಪೈರೇಟ್ಸ್‌ಗೆ ನಾಯಕನಾಗಿ ಫೈನಲ್ ಆಡಿಸಿದವರು ಪ್ರಶಾಂತ್ ಕುಮಾರ್ ರೈ. ಬೆಂಗಾಲ್‌ಗೆ 7ನೇ ಆವೃತ್ತಿಯ ಕಪ್, ಪುಣೆಗೆ 10ನೇ ಆವೃತ್ತಿಯ ಕಪ್ ಗೆದ್ದುಕೊಟ್ಟ ಕೋಚ್ ನಮ್ಮ ಬಿ.ಸಿ. ರಮೇಶ್. ಹಿತ್ತಲ ಗಿಡ ಮದ್ದಲ್ಲ ಅನ್ನುವ ಗಾದೆಗೆ ಬುಲ್ಸ್‌ಗಿಂತ ಒಳ್ಳೆಯ ಉದಾಹರಣೆ ಬೇಕಾ?

ಬುದ್ಧಿ ಬಂದದ್ದು 2025ರಲ್ಲಿ

ಆ ಸೋಲಿನ ನಂತರ ಬುಲ್ಸ್ ಬಿ.ಸಿ. ರಮೇಶ್ ಅವರನ್ನೇ ಕೋಚ್ ಮಾಡಿತು. 2025ರ ಹರಾಜಿನಲ್ಲಿ ಹಣ ಹೋದ ದಾರಿ ಬದಲಾಯಿತು. ಕೋಟಿ ದಾಟಿಸಿ ಕೊಂಡದ್ದು ಯೋಗೇಶ್ ದಹಿಯಾ ಅವರನ್ನು, 1.125 ಕೋಟಿಗೆ. ಅವರು ರೈಡರ್ ಅಲ್ಲ, ಬಲ ಕಾರ್ನರ್ ಕಾಯುವವರು. ರೈಡಿಂಗ್‌ನಲ್ಲಿ ಇರಾನಿನ ಅಲಿರೇಜಾ ಮಿರ್ಜಾಯಿಯನ್ ತಂಡದ ಬೆನ್ನೆಲುಬಾದರು. ಕನ್ನಡದ ಹುಡುಗ ಗಣೇಶ ಹನಮಂತಗೋಳಗೂ ಅಂಕಣದಲ್ಲಿ ಅವಕಾಶ ಸಿಕ್ಕಿತು. ಹಿಂದಿನ ವರ್ಷ ಕೊನೆಯಲ್ಲಿದ್ದ ತಂಡ ಪ್ಲೇಆಫ್ ತಲುಪಿತು. ಮಿನಿ ಕ್ವಾಲಿಫೈಯರ್‌ನಲ್ಲಿ ನಮ್ಮನ್ನು ಸೋಲಿಸಿದ್ದು ತೆಲುಗು ಟೈಟನ್ಸ್. ಆ ತಂಡದಲ್ಲಿ ಆಡುತ್ತಿದ್ದವರು ಯಾರು? ನಾವೇ ಬಿಟ್ಟುಕೊಟ್ಟ ಭರತ್ ಹೂಡಾ.

ಅದೇ ಹರಾಜಿನಲ್ಲಿ ಎರಡು ಕೋಟಿ ದಾಟಿದವರು ಇಬ್ಬರು. ಗುಜರಾತ್ ಕೊಂಡ ಮೊಹಮ್ಮದ್‌ರೇಜಾ ಶಾದ್ಲೂಯಿ 2.23 ಕೋಟಿ, ಬೆಂಗಾಲ್ ಕೊಂಡ ದೇವಾಂಕ್ ದಲಾಲ್ 2.205 ಕೋಟಿ. ದೇವಾಂಕ್ ಪಾಯಿಂಟ್ ತರುವುದರಲ್ಲಿ ಏನೂ ಕಡಿಮೆ ಮಾಡಲಿಲ್ಲ. ಆದರೂ ಹನ್ನೆರಡರಲ್ಲಿ ಎಂಟು ತಂಡಕ್ಕೆ ಅವಕಾಶವಿದ್ದ ಪ್ಲೇಆಫ್‌ಗೆ ಈ ಎರಡೂ ತಂಡ ಬರಲಿಲ್ಲ.

ಎದುರು ವಾದವನ್ನೂ ಕೇಳೋಣ

"ಹಾಗಾದರೆ ಶಾದ್ಲೂಯಿ ಎರಡು ಸಲ ಕಪ್ ಗೆಲ್ಲಿಸಲಿಲ್ವಾ?" ಎಂದು ಹಿರಿಯೂರಿನ ಗೆಳೆಯರೊಬ್ಬರು ಕೇಳಿದರು. ನ್ಯಾಯವಾದ ಪ್ರಶ್ನೆ. 10ನೇ ಆವೃತ್ತಿಯಲ್ಲಿ ಪುಣೇರಿ ಪಲ್ಟನ್ ಅವರಿಗೆ 2.35 ಕೋಟಿ ಕೊಟ್ಟು ಕಪ್ ಗೆದ್ದಿತು. 11ನೇ ಆವೃತ್ತಿಯಲ್ಲಿ ಹರಿಯಾಣ 2.07 ಕೋಟಿ ಕೊಟ್ಟು ಗೆದ್ದಿತು.

ಆದರೆ ಎರಡು ವಿಷಯ ಗಮನಿಸಿ. ಒಂದು, ಶಾದ್ಲೂಯಿ ಮೂಲತಃ ಹಿಡಿಯುವ ಆಟಗಾರ. ಬೇಕಾದಾಗ ರೈಡ್‌ಗೂ ಹೋಗುತ್ತಾರೆ. ಒಬ್ಬರ ಹಣಕ್ಕೆ ಎರಡು ಕೆಲಸ. ಎರಡು, ಪುಣೆ ಅವರನ್ನು ತರುವ ಮೊದಲೇ ಅಸ್ಲಂ ಇನಾಂದಾರ್, ಮೋಹಿತ್ ಗೋಯತ್ ಥರದ ಹುಡುಗರನ್ನು ಚಿಕ್ಕ ವಯಸ್ಸಿನಿಂದ ತನ್ನಲ್ಲೇ ಬೆಳೆಸಿತ್ತು. ಆ ಹುಡುಗರು ದುಬಾರಿ ಹರಾಜಿನಿಂದ ಬಂದವರಲ್ಲವಾದ್ದರಿಂದಲೇ ಒಬ್ಬ ದುಬಾರಿ ಆಟಗಾರನನ್ನು ಕೊಳ್ಳುವಷ್ಟು ಹಣ ಚೀಲದಲ್ಲಿ ಉಳಿದಿತ್ತು. ಅಡಿಪಾಯ ಹಾಕಿ ಗೋಡೆ ಕಟ್ಟಿದ ಮೇಲೆ ಕೆತ್ತನೆಯ ಬಾಗಿಲು ಇಟ್ಟರೆ ಚೆಂದ. ಬಾಗಿಲು ಮೊದಲು ತಂದು ಬಯಲಲ್ಲಿ ನಿಲ್ಲಿಸಿದರೆ ಗಾಳಿಗೆ ಬೀಳುತ್ತದೆ.

ಇದು ನಮ್ಮ ದೇಶದ ಪ್ರಶ್ನೆ ಮಾತ್ರವೂ ಅಲ್ಲ. ಅಮೆರಿಕದಲ್ಲಿ ಅವರದೇ ಒಂದು ಫುಟ್‌ಬಾಲ್ ಇದೆ, ಚೆಂಡನ್ನು ಕೈಯಲ್ಲಿ ಹಿಡಿದು ಓಡುವ ಆಟ. ಅದರಲ್ಲಿ ಕ್ವಾರ್ಟರ್‌ಬ್ಯಾಕ್ ಅಂದರೆ ತಂಡದ ದಾಳಿಯನ್ನೆಲ್ಲಾ ನಡೆಸುವವನು, ನಮ್ಮ ಮುಖ್ಯ ರೈಡರ್ ಇದ್ದ ಹಾಗೆ. ಅಲ್ಲಿಯೂ ಸಂಬಳಕ್ಕೆ ಮಿತಿ ಇದೆ. 2023ರಲ್ಲಿ ಒಂದು ತಂಡಕ್ಕೆ 22.48 ಕೋಟಿ ಡಾಲರ್. 2024ರಲ್ಲಿ ಡಲ್ಲಾಸ್ ಕೌಬಾಯ್ಸ್ ತಂಡ ಡ್ಯಾಕ್ ಪ್ರೆಸ್ಕಾಟ್‌ಗೆ ವರ್ಷಕ್ಕೆ ಸರಾಸರಿ 6 ಕೋಟಿ ಡಾಲರ್ ಒಪ್ಪಂದ ಮಾಡಿಕೊಂಡಿತು. ಅವರು ಗಾಯಗೊಂಡು ಹೊರಬಿದ್ದರು. ತಂಡ 7 ಗೆದ್ದು 10 ಸೋತಿತು. ಇನ್ನೊಂದು ಕಡೆ, 2022ರಲ್ಲಿ ಹೊಸ ಆಟಗಾರರ ಆಯ್ಕೆಯ ದಿನ 262ನೇಯವನಾಗಿ, ಎಲ್ಲರಿಗಿಂತ ಕೊನೆಗೆ ಆಯ್ಕೆಯಾದ ಬ್ರಾಕ್ ಪರ್ಡಿ, ವರ್ಷಕ್ಕೆ 10 ಲಕ್ಷ ಡಾಲರ್‌ಗೂ ಕಡಿಮೆ ಸಂಬಳದಲ್ಲಿ ಸ್ಯಾನ್ ಫ್ರಾನ್ಸಿಸ್ಕೋ ತಂಡವನ್ನು 2024ರ ಫೆಬ್ರವರಿಯ ಫೈನಲ್‌ಗೆ ಒಯ್ದ. ಆ ಫೈನಲ್‌ನಲ್ಲಿ ಅವನನ್ನು ಸೋಲಿಸಿದವನು ಬಹಳ ದುಬಾರಿಯ ಪ್ಯಾಟ್ರಿಕ್ ಮಹೋಮ್ಸ್ ಎಂಬುದನ್ನೂ ಮುಚ್ಚಿಡುವುದಿಲ್ಲ. ದೊಡ್ಡ ಆಟಗಾರನಿಗೆ ದೊಡ್ಡ ಬೆಲೆ ಕೊಡಲೇಬಾರದು ಅಂತ ನಾವು ಹೇಳುತ್ತಿಲ್ಲ. ಅಂಥವನ ಸುತ್ತ ತಂಡ ಇರಬೇಕು ಅನ್ನುತ್ತಿದ್ದೇವೆ.

ಮುಂದಿನ ಹರಾಜಿಗೆ ನಮ್ಮ ಮಾತು

ಬುಲ್ಸ್ ಆಡಳಿತಕ್ಕೆ ನಮ್ಮ ಧ್ವನಿ ಕೇಳುತ್ತದೋ ಇಲ್ಲವೋ, ಹೇಳುವುದನ್ನು ಹೇಳುತ್ತೇವೆ.

ಒಂದು, ಯಾವ ರೈಡರ್‌ಗೂ ಚೀಲದ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಕೊಡಬೇಡಿ. 5 ಕೋಟಿಯಲ್ಲಿ ಅದು ಸುಮಾರು 1.65 ಕೋಟಿ. ಅದನ್ನು ದಾಟಿದರೆ ಕೈ ಕೆಳಗಿಳಿಸಿ, ಮುಂದಿನವನನ್ನು ನೋಡಿ.

ಎರಡು, ಕಾರ್ನರ್ ಜೋಡಿಯನ್ನು ಒಡೆಯಬೇಡಿ. ಎಡ ಬಲ ಕಾರ್ನರ್‌ಗಳು ಒಬ್ಬರ ಹೆಜ್ಜೆ ಇನ್ನೊಬ್ಬರಿಗೆ ಗೊತ್ತಾಗಲು ವರ್ಷಗಳೇ ಬೇಕು. ರೈಡರ್ ವರ್ಷಕ್ಕೊಬ್ಬ ಬಂದರೂ ನಡೆದೀತು, ಹಿಡಿಯುವವರು ಜೊತೆಯಲ್ಲೇ ಬೆಳೆಯಬೇಕು.

ಮೂರು, ಮತ್ತು ನಮಗೆ ಮುಖ್ಯವಾದದ್ದು. ಹರಾಜಿಗೆ ಹೊರತಾಗಿ ಹೊಸ ಯುವ ಆಟಗಾರರನ್ನು ಸೇರಿಸಿಕೊಳ್ಳಲು ಲೀಗ್‌ನಲ್ಲಿ ದಾರಿ ಇದೆ. ಆ ದಾರಿಯಲ್ಲಿ ಹೆಚ್ಚಾಗಿ ಹರಿಯಾಣದ ಹುಡುಗರು ಬರುತ್ತಾರೆ, ಏಕೆಂದರೆ ಅಲ್ಲಿ ಊರೂರಿಗೂ ಹೋಗಿ ನೋಡುವವರಿದ್ದಾರೆ. ನಮ್ಮಲ್ಲಿ ದಸರಾ ಕ್ರೀಡಾಕೂಟ ತಾಲ್ಲೂಕಿನಿಂದ ಜಿಲ್ಲೆಗೆ, ಜಿಲ್ಲೆಯಿಂದ ವಿಭಾಗಕ್ಕೆ ಹೋಗುತ್ತದೆ. ಶಾಲೆ ಮತ್ತು ಪಿಯು ಕಾಲೇಜುಗಳ ಕ್ರೀಡಾಕೂಟ ಬೇರೆ. ಚಿತ್ರದುರ್ಗದ ಒನಕೆ ಓಬವ್ವ ಕ್ರೀಡಾಂಗಣ ಬೆಂಗಳೂರಿನಿಂದ ಇನ್ನೂರು ಕಿಲೋಮೀಟರ್, ನಾಲ್ಕು ಗಂಟೆ ದಾರಿ. ಬುಲ್ಸ್ ಕಡೆಯ ಒಬ್ಬ ಸಹಾಯಕ ಕೋಚ್ ವರ್ಷಕ್ಕೆ ಎರಡು ದಿನ ಇಲ್ಲಿ ಬಂದು ಕೂತರೆ ಪೆಟ್ರೋಲ್ ಖರ್ಚೇ ಹೊರತು ಬೇರೇನಿಲ್ಲ.

ಚಂದಾ ಹಣದ ಲೆಕ್ಕ

ಬುಲ್ಸ್‌ಗೆ ಬುದ್ಧಿ ಹೇಳುವ ಮೊದಲು ನಮ್ಮ ಅಂಗಳವನ್ನೂ ನೋಡಿಕೊಳ್ಳಬೇಕು. ನಮ್ಮ ಊರುಗಳ ಹೊನಲು ಬೆಳಕಿನ ಪಂದ್ಯಾವಳಿಗಳಲ್ಲಿ ಏನಾಗುತ್ತಿದೆ? ಒಂದು ಊರಿನ ಹುಡುಗರು ಮನೆ ಮನೆ ತಿರುಗಿ 30 ಸಾವಿರ ರೂಪಾಯಿ ಎತ್ತಿದರು ಅಂದುಕೊಳ್ಳಿ. ಅದರಲ್ಲಿ 20 ಸಾವಿರ ಹೊರಗಿನಿಂದ ಕರೆಸಿದ ಇಬ್ಬರು ರೈಡರ್‌ಗಳಿಗೆ ಹೋಗುತ್ತದೆ. ಅವರು ಸಂಜೆ ಬೈಕಿನಲ್ಲಿ ಬರುತ್ತಾರೆ, ಊರಿನ ಹೆಸರಿನ ಜೆರ್ಸಿ ಹಾಕುತ್ತಾರೆ, ಆಡುತ್ತಾರೆ, ಬೆಳಗಿನ ಜಾವ ಹೋಗುತ್ತಾರೆ. ಮುಂದಿನ ವಾರ ಪಕ್ಕದ ಊರಿನ ಜೆರ್ಸಿ ಹಾಕಿ ನಮ್ಮ ಮೇಲೇ ರೈಡ್‌ಗೆ ಬರುತ್ತಾರೆ.

ಅವರದೇನೂ ತಪ್ಪಿಲ್ಲ, ಅದು ಅವರ ದುಡಿಮೆ. ಆದರೆ ಊರಿನಲ್ಲಿ ದಿನಾ ಸಂಜೆ ಹೈಸ್ಕೂಲ್ ಮೈದಾನದಲ್ಲಿ ಬೆವರು ಸುರಿಸಿದ ಹದಿನೆಂಟರ ಹುಡುಗ ಆ ರಾತ್ರಿ ಎಲ್ಲಿರುತ್ತಾನೆ? ಗೆರೆಯ ಹೊರಗೆ, ನೀರಿನ ಬಾಟಲಿ ಹಿಡಿದುಕೊಂಡು. ಊರವರೆಲ್ಲ ಸೇರುವ ಒಂದು ರಾತ್ರಿ, ಅವನ ಅಪ್ಪ ಅವ್ವ ನೋಡಲು ಬರುವ ಒಂದು ರಾತ್ರಿ. ಎರಡು ವರ್ಷ ಹೀಗೇ ಆದರೆ ಮೂರನೇ ವರ್ಷ ಅವನು ಬೆಂಗಳೂರಿನ ಯಾವುದೋ ಗೋಡೌನ್‌ನಲ್ಲಿ ಕೆಲಸಕ್ಕೆ ಸೇರಿರುತ್ತಾನೆ. ಅವನು ಗಗನ್ ಗೌಡ ಆಗುತ್ತಿದ್ದನೋ ಇಲ್ಲವೋ, ನೋಡುವ ಅವಕಾಶವನ್ನು ನಾವೇ ಕಳೆದುಕೊಂಡೆವು.

ಸಂಘಟಕರಿಗೆ ನಮ್ಮ ಮನವಿ ಸರಳ. ಪಂದ್ಯಾವಳಿಯ ಕರಪತ್ರ ಅಚ್ಚು ಹಾಕಿಸುವಾಗಲೇ ಮೂರು ಸಾಲು ಸೇರಿಸಿ. ಒಂದು ತಂಡದಲ್ಲಿ ಹೊರಗಿನವರು ಇಬ್ಬರಿಗಿಂತ ಹೆಚ್ಚು ಅಂಕಣದಲ್ಲಿ ಇರಬಾರದು. ಇಪ್ಪತ್ತರೊಳಗಿನ ಊರಿನ ಹುಡುಗ ಒಬ್ಬನಾದರೂ ಏಳು ಜನರಲ್ಲಿ ಇರಲೇಬೇಕು. 'ಉತ್ತಮ ದಾಳಿಗಾರ' ಬಹುಮಾನದ ಜೊತೆಗೆ 'ಉತ್ತಮ ಹಿಡಿತಗಾರ' ಬಹುಮಾನವೂ ಅಷ್ಟೇ ಮೊತ್ತದ್ದಾಗಿರಲಿ. ಟಗರು, ಟಿವಿ, ಟ್ರೋಫಿ ಏನನ್ನೇ ಇಡಿ, ಇಬ್ಬರಿಗೂ ಸಮ ಇಡಿ. ಹಿಡಿಯುವವನಿಗೂ ಮರ್ಯಾದೆ ಇದೆ ಎಂದು ಮಕ್ಕಳಿಗೆ ಗೊತ್ತಾಗಲಿ.

ತಂಡ ಕಟ್ಟುವ ಹುಡುಗರಿಗೂ ಒಂದು ಮಾತು. ಹೊರಗಿನ ರೈಡರ್‌ಗೆ ಒಂದು ರಾತ್ರಿಗೆ ಕೊಡುವ ಹತ್ತು ಸಾವಿರದಲ್ಲಿ ಮೊಣಕಾಲು ಪಟ್ಟಿ, ಒಳ್ಳೆಯ ಬೂಟು, ಪ್ರಥಮ ಚಿಕಿತ್ಸೆ ಪೆಟ್ಟಿಗೆ ಬರುತ್ತವೆ. ಪ್ರೊ ಕಬಡ್ಡಿ ನಡೆಯುವುದು ಮ್ಯಾಟ್ ಮೇಲೆ. ಮಣ್ಣಿನಲ್ಲಿ ಕಲಿತ ಹೆಜ್ಜೆ ಅಲ್ಲಿ ಬದಲಾಗಬೇಕು. ಒಂದೇ ಊರಿಗೆ ಮ್ಯಾಟ್ ಕೊಳ್ಳುವುದು ಭಾರ. ಆದರೆ ಮೂರು ನಾಲ್ಕು ಊರು ಸೇರಿ, ಪಂಚಾಯಿತಿಯವರನ್ನೂ ಕೇಳಿ, ಎರಡು ವರ್ಷದ ಚಂದಾ ಕೂಡಿಟ್ಟರೆ ಆಗದ ಕೆಲಸ ಅಲ್ಲ. ಆ ಎರಡು ವರ್ಷ ಕಪ್ ಬರದೇ ಇರಬಹುದು. ಬುಲ್ಸ್‌ಗೆ ಬೆಳೆಸಿದ ಹುಡುಗನನ್ನು ಕೈಬಿಟ್ಟ ವರ್ಷವೂ ಕಪ್ ಬರಲಿಲ್ಲ, ಹುಡುಗನೂ ಉಳಿಯಲಿಲ್ಲ. ನಮಗೆ ಹುಡುಗರಾದರೂ ಉಳಿಯುತ್ತಾರೆ.

ಈ ಸಲದ ಗಣಪತಿ ಹಬ್ಬಕ್ಕೆ ಚಂದಾ ಪುಸ್ತಕ ಹಿಡಿದು ನಿಮ್ಮ ಬಾಗಿಲಿಗೆ ಹುಡುಗರು ಬಂದರೆ ಖಂಡಿತ ಕೊಡಿ. ಕೊಡುವ ಮೊದಲು ಒಂದೇ ಪ್ರಶ್ನೆ ಕೇಳಿ: "ನಮ್ಮೂರಿನವರು ಎಷ್ಟು ಜನ ಆಡ್ತೀರಪ್ಪಾ?"